ಹಡಗಿಗೆ ಪುನರ್ಪುಳಿ ರಸ ಹತ್ತಲಿಲ್ಲ, ಸಿಪ್ಪೆ ಹತ್ತಿತು

ಮೊದಲೇ ಹೇಳಿಬಿಡುತ್ತೇನೆ, ಹಡಗು ಚಂದ ಉಂಟು. ರೂಮು ಸಣ್ಣದು, ಆದ್ರೆ ಕ್ಲೀನು. ಊಟಕ್ಕೆ ಏನೂ ಕೊರತೆ ಇಲ್ಲ, ನಮ್ಮಂಥ ಸಸ್ಯಾಹಾರಿಗಳಿಗೂ ಇಲ್ಲ. ಈಜುಕೊಳ, ಡ್ಯಾನ್ಸು, ಮ್ಯಾಜಿಕ್ಕು ಇವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ಫೋಟೋ ಹಾಕಿದ್ದಾರೆ. ನಾನು ಬರೆಯುತ್ತಿರುವುದು ಕುಡಿಯುವ ವಸ್ತುಗಳ ಬಗ್ಗೆ ಮಾತ್ರ. ಮನೆಯಿಂದ ಏನು ಕೊಂಡುಹೋಗಬಹುದು, ಏನು ಬೇಡ, ಕೊಂಡುಹೋದರೆ ಏನಾಗುತ್ತದೆ. ನಾಲ್ಕು ರಾತ್ರಿಯ ಪ್ರಯಾಣದಲ್ಲಿ ನಮಗೆ ತಲೆಬಿಸಿ ಆದದ್ದು ಅದರಿಂದ. ಖುಷಿ ಆದದ್ದೂ ಹೆಚ್ಚುಕಡಿಮೆ ಅದರಿಂದಲೇ. ಕಂಪನಿಯ ಹೆಸರು ಹಾಕುವುದಿಲ್ಲ, ಮಗ ಬೇಡ ಅಂದಿದ್ದಾನೆ.

ಮಗ ಸೊಸೆ ಇರುವುದು ದುಬೈಯಲ್ಲಿ. ನಮ್ಮ ಮದುವೆಯಾಗಿ 35 ವರ್ಷ ಆಯಿತು ಅಂತ ಅವನೇ ಟಿಕೆಟ್ ಮಾಡಿಸಿದ. ದುಬೈಯಿಂದ ಹೊರಟು ಸರ್ ಬನಿಯಾಸ್ ದ್ವೀಪ, ಕತಾರಿನ ದೋಹಾ ನೋಡಿ ವಾಪಸ್ ದುಬೈ. ನಾಲ್ಕು ಜನ, ಎರಡು ರೂಮು. (ವೀಸಾ ಮಾಡಿಸುವಾಗ ಮಲ್ಟಿಪಲ್ ಎಂಟ್ರಿ ಕೇಳಿ. ನಡುವೆ ಬೇರೆ ದೇಶ ಮುಟ್ಟಿ ಬರುತ್ತದಲ್ಲ, ಸಿಂಗಲ್ ಎಂಟ್ರಿ ಸಾಕಾಗುವುದಿಲ್ಲ.)

ಅಲ್ಲಿವರೆಗೆ ನಾನು ಪ್ರವಾಸಿ ಹಡಗು ನೋಡಿದ್ದು ದೂರದಿಂದ ಮಾತ್ರ, ಪಣಂಬೂರಿನ ಬೀಚಿನಲ್ಲಿ ನಿಂತು. ನವಮಂಗಳೂರು ಬಂದರಿಗೆ ಅಂಥ ಹಡಗು ಬಂದ ದಿನ ಕುದ್ರೋಳಿ ದೇವಸ್ಥಾನದ ಹತ್ತಿರ ಬಸ್ಸುಗಳ ಸಾಲು ಇರುತ್ತದೆ. ಬಿಳಿ ಟೋಪಿ ಹಾಕಿದ ವಿದೇಶಿ ಅಜ್ಜ ಅಜ್ಜಿಯರು ಇಳಿದು ಬೊಂಡ (ಎಳನೀರು) ಕುಡಿಯುತ್ತಾರೆ. ಇನ್ನೆರಡು ಕಟ್ಟಿ ಕೊಡ್ಲಾ ಅಂತ ಬೊಂಡದವ ಸನ್ನೆ ಮಾಡಿದರೆ ಬೇಡ ಬೇಡ ಅಂತ ಕೈ ಆಡಿಸುತ್ತಾರೆ. ಎಷ್ಟು ಜಿಪುಣರು ಅಂದುಕೊಂಡಿದ್ದೆ. ಪಾಪ, ವಾಪಸ್ ಹತ್ತುವಾಗ ಅದನ್ನು ಬಿಡುವುದಿಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ.

ಗೊತ್ತಿದ್ದರೆ ಸೂಟ್‌ಕೇಸ್ ಹಾಗೆ ತುಂಬುತ್ತಿರಲಿಲ್ಲ. ಏನೇನು ಹಾಕಿದ್ದೆ ಅಂದರೆ, ಮಗನಿಗೆ ಬಿಂದು ಜೀರಾ ಸೋಡಾ ಆರು ಬಾಟಲಿ. ಅದು ನಮ್ಮ ಪುತ್ತೂರಿನದ್ದು, ಅವನು ಶಾಲೆಗೆ ಹೋಗುವಾಗಿನಿಂದ ಕುಡಿದು ಬೆಳೆದವನು. ಮೇ ತಿಂಗಳಲ್ಲಿ ಮಾಡಿಟ್ಟ ಪುನರ್ಪುಳಿ (ಮುರುಗಲ ಹಣ್ಣು) ಶರಬತ್ತಿನ ಪಾಕ ಒಂದು ಲೀಟರ್. ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಬಿಸಿಲಿಗಿಟ್ಟರೆ ತಾನಾಗಿ ರಸ ಬಿಡುತ್ತದಲ್ಲ, ಆ ಪಾಕ. ಒಣ ಸಿಪ್ಪೆ ಕಾಲು ಕಿಲೋ ಬೇರೆ, ಸೊಸೆ ಸಾರಿಗೆ ಕೇಳಿದ್ದಳು. ಕೊತ್ತಂಬರಿ ಜೀರಿಗೆ ಹುರಿದು ಮಾಡಿದ ಕಷಾಯದ ಪುಡಿ. ಕಾಫಿ ಪುಡಿ ಅರ್ಧ ಕಿಲೋ, ಎರಡು ಲೋಟದ ಸ್ಟೀಲ್ ಫಿಲ್ಟರ್, ಒಂದು ಪುಟ್ಟ ಎಲೆಕ್ಟ್ರಿಕ್ ಕೆಟಲ್, ಒಂದು ಫ್ಲಾಸ್ಕ್.

ಗಸಗಸೆಯನ್ನೂ ತೆಗೆದಿಟ್ಟಿದ್ದೆ, ಪಾಯಸಕ್ಕೆ. ಮಗ ಫೋನಿನಲ್ಲಿ ಕಿರುಚಿಯೇ ಬಿಟ್ಟ. "ಅಮ್ಮಾ, ಇಲ್ಲಿ ಗಸಗಸೆ ತಂದರೆ ಜೈಲು!" ಅದು ನಿಜ. ಯುಎಇಯಲ್ಲಿ ಗಸಗಸೆ ಮಾದಕ ವಸ್ತುಗಳ ಕಾನೂನಿಗೆ ಸಿಗುತ್ತದೆ. ಗಲ್ಫಿಗೆ ಹೋಗುವವರು ಮಸಾಲೆ ಡಬ್ಬಿಯನ್ನೂ ಒಮ್ಮೆ ನೋಡಿಕೊಳ್ಳಿ.

ಪಕ್ಕದ ಮನೆಯ ಬಾಯಮ್ಮ ಕ್ರಿಸ್ಮಸ್ಸಿಗೆ ಮಾಡಿದ ದ್ರಾಕ್ಷಿ ವೈನ್ ಒಂದು ಬಾಟಲಿ ಕೊಟ್ಟಿದ್ದರು. ಹಳೇ ಸ್ಕ್ವಾಷ್ ಬಾಟಲಿ, ಬಾಯಿಗೆ ಬಟ್ಟೆ ಕಟ್ಟಿದ್ದು. ಇವರಿಗೆ, ಅಂದರೆ ನಮ್ಮ ಯಜಮಾನರಿಗೆ, ಅದನ್ನು ಹಡಗಿನಲ್ಲಿ ಕೂತು ಕುಡಿಯಬೇಕು ಅಂತ ಆಸೆ. ಲೇಬಲ್ ಇಲ್ಲ, ಸೀಲ್ ಇಲ್ಲ, ವಿಮಾನಕ್ಕೇ ಹಾಕಲಿಕ್ಕೆ ಆಗುವುದಿಲ್ಲ ಅಂತ ಸೊಸೆ ತಿಳಿಸಿ ಹೇಳಿದ ಮೇಲೆ ಮನೆಯ ಫ್ರಿಜ್ಜಿನಲ್ಲೇ ಇಟ್ಟು ಬಂದೆವು. ಇವರ ಜೊತೆ ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಮಾಡುವವರೊಬ್ಬರು ಬೇರೆ ಉಪಾಯ ಹೇಳಿಕೊಟ್ಟಿದ್ದರಂತೆ. ಶಾಂಪೂ ಬಾಟಲಿ ತೊಳೆದು ಅದರಲ್ಲಿ ಬ್ರಾಂಡಿ ತುಂಬುವುದು. ಎಷ್ಟು ತೊಳೆದರೂ ನೊರೆ ಬಾರದೆ ಇರುತ್ತದಾ, ಮಾರಾಯ್ರೆ?

ಹಡಗು ಹತ್ತುವ ದಿನ ದೊಡ್ಡ ಸೂಟ್‌ಕೇಸಿಗೆ ಚೀಟಿ ಕಟ್ಟಿ ಕೆಳಗೇ ಕೊಟ್ಟೆವು. ಅದನ್ನು ಅವರೇ ರೂಮಿನ ಬಾಗಿಲಿಗೆ ತಂದಿಡುತ್ತಾರೆ. ನಮ್ಮ ಕೈಯಲ್ಲಿ ಸಣ್ಣ ಬ್ಯಾಗುಗಳು. ಮಗ ತಂದೆಗೆಂದು ದುಬೈಯಲ್ಲಿ 45 ದಿರ್ಹಮ್ ಕೊಟ್ಟು ಒಂದು ವೈನ್ ತಂದಿದ್ದ, 750 ಎಂಎಲ್, ಸೀಲ್ ಇದ್ದದ್ದು. ಅದನ್ನು ಕೈಚೀಲದಲ್ಲೇ ಇಟ್ಟಿದ್ದ. ಎಕ್ಸ್‌ರೇ ಯಂತ್ರದಿಂದ ಆಚೆ ಬಂತು, ಹುಡುಗಿ ನೋಡಿ ನಕ್ಕಳು, ಹೋಗಿ ಅಂದಳು. ಇಷ್ಟೇನಾ ಅಂತ ನಾನು ಧೈರ್ಯ ಮಾಡಿಕೊಂಡೆ.

ಸಂಜೆ ಹಡಗು ಹೊರಟಿತು. ಅಕ್ಕಪಕ್ಕದ ರೂಮುಗಳ ಮುಂದೆ ಸೂಟ್‌ಕೇಸ್ ಬಂದವು, ಮಗನದ್ದೂ ಬಂತು. ನಮ್ಮದು ಇಲ್ಲ. ಎಂಟು ಗಂಟೆಗೆ ಊಟಕ್ಕೆ ಹೋಗಬೇಕು, ಮೈಮೇಲೆ ಇದ್ದದ್ದು ಪ್ರಯಾಣದ ಸೀರೆ. ಎಂಟೂವರೆಗೆ ಬಾಗಿಲ ಸಂದಿಯಿಂದ ಒಂದು ಕಾಗದ ಒಳಗೆ ಬಂತು. ನಿಮ್ಮ ಬ್ಯಾಗಿನಲ್ಲಿ ನಿಷೇಧಿತ ವಸ್ತು ಉಂಟು, ಕೆಳಗೆ ಭದ್ರತಾ ಕೋಣೆಗೆ ಬನ್ನಿ. ಮೂವತ್ತು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು ನಾನು. ಒಂದು ರೂಪಾಯಿ ತಪ್ಪಿದವಳಲ್ಲ. ಕಾಗದ ಓದಿ ಕೈ ತಣ್ಣಗಾಯಿತು.

ಅಲ್ಲಿ ಹೋಗಿ ನೋಡಿದರೆ ನಮ್ಮ ಹಾಗೆ ಹದಿನೈದು ಜನ ಸಾಲಿನಲ್ಲಿ ನಿಂತಿದ್ದಾರೆ. ಒಬ್ಬರದ್ದು ಇಸ್ತ್ರಿ ಪೆಟ್ಟಿಗೆ. ಒಬ್ಬರದ್ದು ಅಷ್ಟುದ್ದದ ಎಕ್ಸ್‌ಟೆನ್ಶನ್ ಬೋರ್ಡ್. ಇಬ್ಬರು ಹುಡುಗರು ಮೌತ್‌ವಾಶ್ ಬಾಟಲಿ ಹಿಡಿದು ನಿಂತಿದ್ದರು, ಹಸಿರು ಬಣ್ಣ ಸ್ವಲ್ಪ ಜಾಸ್ತಿಯೇ ಹಸಿರಾಗಿತ್ತು. ಗಾರ್ಡ್ ಮುಚ್ಚಳ ತೆಗೆದು ಮೂಸಿ ಅಲ್ಲೇ ಸಿಂಕಿಗೆ ಸುರಿದ. ಕದ್ರಿ ಪಾರ್ಕಿನವರ ನೆನಪಾಯಿತು. ಇವರ ಮುಖ ನೋಡಿದೆ, ಇವರು ಗೋಡೆ ನೋಡುತ್ತಿದ್ದರು.

ನಮ್ಮ ಸೂಟ್‌ಕೇಸ್ ಬಿಚ್ಚಿಸಿದರು. ಕೆಟಲ್ ಮೊದಲು ಹೊರಗೆ. ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಬಿಸಿಯಾಗುವ ಕರೆಂಟಿನ ಸಾಮಾನು ರೂಮಿನಲ್ಲಿ ಬೇಡ ಅನ್ನುವುದು ಬೆಂಕಿಯ ಭಯಕ್ಕೆ. ನಡು ಸಮುದ್ರದಲ್ಲಿ ಬೆಂಕಿ ಹತ್ತಿದರೆ ಫೈರ್ ಇಂಜಿನ್ ಬರಲಿಕ್ಕೆ ಅದೇನು ಮಂಗಳೂರಿನ ಹಂಪನಕಟ್ಟೆಯಾ?

ಆಮೇಲೆ ಪುನರ್ಪುಳಿ ಪಾಕ. ಗಾರ್ಡ್ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಕಡುಕೆಂಪು, ಗಟ್ಟಿ, ಲೇಬಲ್ ಇಲ್ಲ. ಏನಿದು ಅಂತ ಕೇಳಿದ. ಪುನರ್ಪುಳಿಗೆ ಇಂಗ್ಲಿಷಿನಲ್ಲಿ ಏನು ಹೇಳುವುದು? ಕೋಕಂ ಅಂದೆ. ಅವನಿಗೆ ತಿಳಿಯಲಿಲ್ಲ. ಪಿತ್ತಕ್ಕೆ ಒಳ್ಳೆಯದು ಅಂತ ಇವರು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ, ಅವನು ಔಷಧವಾದರೆ ಡಾಕ್ಟರ ಚೀಟಿ ಎಲ್ಲಿ ಅಂತ ಕೇಳಿ, ವಿಷಯ ಇನ್ನೂ ಹಾಳಾಯಿತು. ಮನೆಯಲ್ಲಿ ಮಾಡಿದ ದ್ರವ ಪದಾರ್ಥ ಯಾವುದೂ ಇಲ್ಲ. ಅದನ್ನೂ ಪಕ್ಕಕ್ಕಿಟ್ಟ.

ನನಗೆ ಸಿಟ್ಟು ಬಂದದ್ದು ಬಿಂದುವಿನ ವಿಷಯದಲ್ಲಿ. ಕಾರ್ಖಾನೆಯಲ್ಲಿ ತುಂಬಿದ್ದು, ಸೀಲ್ ಉಂಟು, ತಾರೀಕು ಉಂಟು, ಎಂಆರ್‌ಪಿ ಉಂಟು. ಮದ್ಯ ಅಲ್ಲ. ಆದರೂ ಇಲ್ಲ. ಯಾಕೆ ಅಂದರೆ ಅದು ಪ್ಲಾಸ್ಟಿಕ್ ಬಾಟಲಿ. ಕ್ಯಾನಿನಲ್ಲಿದ್ದರೆ ಒಂದು ರೂಮಿಗೆ 12 ಬಿಡುತ್ತಾರಂತೆ, ಅದೂ ಮೊದಲ ದಿನ, ಅದೂ ಕೈಚೀಲದಲ್ಲಿ. ದೊಡ್ಡ ಸೂಟ್‌ಕೇಸಿನಲ್ಲಿಟ್ಟರೆ ಕ್ಯಾನ್ ಕೂಡ ಇಲ್ಲ. ಬಾಟಲಿಯ ಮುಚ್ಚಳ ತೆಗೆದು, ಒಳಗೆ ಬೇರೆ ತುಂಬಿ, ಮತ್ತೆ ಅಂಟಿಸುವವರು ಇದ್ದಾರೆ, ಕ್ಯಾನಿನಲ್ಲಿ ಅದು ಆಗುವುದಿಲ್ಲ ಅಂತ ಅವನು ಸಮಾಧಾನದಲ್ಲೇ ಹೇಳಿದ. ಮೌತ್‌ವಾಶ್ ನೋಡಿದ ಮೇಲೆ ಅಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಆದರೆ ಈ ಮಾತನ್ನು ಟಿಕೆಟಿನ ಜೊತೆ ದೊಡ್ಡ ಅಕ್ಷರದಲ್ಲಿ ಹಾಕಬಹುದಿತ್ತು ಅಲ್ವಾ? ಹುಡುಕಿದರೆ ಎಲ್ಲೋ ಒಂದು ಕಡೆ ಉಂಟಂತೆ. ಮಗನೇ ಓದಿರಲಿಲ್ಲ. ಒಂದು ನಕ್ಷತ್ರ ಇದಕ್ಕೆ ಕಡಿತ.

ಎಲ್ಲ ಹಡಗಿನ ನಿಯಮ ಒಂದೇ ಅಂದುಕೊಳ್ಳಬೇಡಿ. ಆ ರಾತ್ರಿ ಸೊಸೆ ಕೂತು ಎಲ್ಲ ತೆಗೆದು ಓದಿದಳು. ಅಮೆರಿಕದ ಕಾರ್ನಿವಲ್ ಕಂಪನಿ 2015ರಲ್ಲೇ ಬಾಟಲಿ ನೀರು, ಬಾಟಲಿ ಸೋಡಾ ನಿಲ್ಲಿಸಿತು. ಕ್ಯಾನ್ ಅಥವಾ ಕಾಗದದ ಪೊಟ್ಟಣವಾದರೆ ಸರಿ. ಡಿಸ್ನಿಯ ಹಡಗಿನಲ್ಲಿ 21 ದಾಟಿದವರು ತಲಾ ಎರಡು ಬಾಟಲಿ ವೈನ್ ಅಥವಾ ಆರು ಬಿಯರ್ ಒಯ್ಯಬಹುದು. ರಾಯಲ್ ಕೆರಿಬಿಯನ್‌ನಲ್ಲಿ ಹತ್ತುವ ದಿನ ತಲಾ ಒಂದು ವೈನ್. ವಿಸ್ಕಿ, ಬ್ರಾಂಡಿಯನ್ನು ಈ ಕಂಪನಿಯವರು ಯಾರೂ ಒಳಗೆ ಬಿಡುವುದಿಲ್ಲ. ಬಂದರಿನ ಅಂಗಡಿಯಲ್ಲಿ ಕೊಂಡರೂ ತೆಗೆದಿಟ್ಟುಕೊಂಡು ಕೊನೆಗೆ ಕೊಡುತ್ತಾರೆ. ನಿಯಮ ಬದಲಾಗುತ್ತಾ ಇರುತ್ತದೆ, ಹೋಗುವ ವಾರ ಮತ್ತೊಮ್ಮೆ ನೋಡಿ. ಕತಾರಿಗಂತೂ ಹೊರಗಿನಿಂದ ಮದ್ಯ ಕೊಂಡುಹೋಗುವ ಹಾಗೇ ಇಲ್ಲ. ದೋಹಾದಲ್ಲಿ ಇಳಿಯುವಾಗ ಬ್ಯಾಗಿನಲ್ಲಿ ಏನೂ ಇಲ್ಲ ಅಂತ ಎರಡು ಸಲ ನೋಡಿಕೊಂಡೆವು.

ಈಗ ಲೆಕ್ಕ. ಇದು ನನ್ನ ಕ್ಷೇತ್ರ.

ಹಡಗಿನ ಟಿಕೆಟಿನಲ್ಲಿ ಊಟ ಸೇರಿರುತ್ತದೆ, ಬಾಟಲಿ ಸೇರಿರುವುದಿಲ್ಲ. ಅವರ ಲಾಭ ಇರುವುದೇ ಅಲ್ಲಿ. ಒಂದು ಲೋಟ ಮಾಕ್‌ಟೇಲ್ 9 ಡಾಲರ್, ಮೇಲೆ 18 ಶೇಕಡಾ ಸರ್ವಿಸ್. ಡಾಲರಿಗೆ 85ರ ಹಾಗೆ ಹಿಡಿದರೆ ಸುಮಾರು 900 ರೂಪಾಯಿ. ಬೊಂಡಕ್ಕೆ 60 ಅಂದರೆ ಹದಿನೈದು ಬೊಂಡ. ಅದರಲ್ಲಿ ಇದ್ದದ್ದು ಅನಾನಸು ರಸ, ಐಸು, ಒಂದು ಪುಟ್ಟ ಕೊಡೆ. ಸೋಡಾ ಒಂದು ಕ್ಯಾನಿಗೆ ಮೂರೂವರೆ ಡಾಲರ್. ದಿನವಿಡೀ ಸೋಡಾ ಕುಡಿಯುವ ಪ್ಯಾಕೇಜ್ 14 ಡಾಲರ್. ಅಂದರೆ ದಿನಕ್ಕೆ ನಾಲ್ಕು ಕ್ಯಾನ್ ಕುಡಿದರೆ ಅಸಲು, ಐದನೆಯದರಿಂದ ಲಾಭ. ದಿನಕ್ಕೆ ಐದು ಕ್ಯಾನ್ ಸೋಡಾ ಕುಡಿದು ಗಳಿಸುವ ಲಾಭ ನನಗೆ ಬೇಡ.

ಮದ್ಯದ ಪ್ಯಾಕೇಜಿನ ಲೆಕ್ಕ ಕೇಳಿದರೆ ನಗು ಬರುತ್ತದೆ. ಒಬ್ಬರಿಗೆ ದಿನಕ್ಕೆ 60 ಡಾಲರ್. ಒಂದು ರೂಮಿನಲ್ಲಿ ಒಬ್ಬರು ತೆಗೆದುಕೊಂಡರೆ ಇನ್ನೊಬ್ಬರೂ ತೆಗೆದುಕೊಳ್ಳಲೇಬೇಕು, ಕುಡಿಯಲಿ ಬಿಡಲಿ. ಇಬ್ಬರಿಗೆ ನಾಲ್ಕು ದಿನಕ್ಕೆ, ಸರ್ವಿಸ್ ಸೇರಿಸಿ, 48 ಸಾವಿರ ರೂಪಾಯಿ. ಇವರು ಕುಡಿಯುವುದು ರಾತ್ರಿ ಒಂದು ಪೆಗ್, ಅದೂ ಹಬ್ಬಕ್ಕೆ. ಕೌಂಟರಿನ ಹುಡುಗ ಬಹಳ ಪ್ರೀತಿಯಿಂದ ವಿವರಿಸಿದ. ನಾನೂ ಅಷ್ಟೇ ಪ್ರೀತಿಯಿಂದ ಬೇಡ ಅಂದೆ.

ಇವರ ವೈನಿನ ಕತೆ ಇನ್ನೊಂದು. ಎರಡನೇ ರಾತ್ರಿ ಬಾಟಲಿ ಹಿಡಿದುಕೊಂಡು ಗತ್ತಿನಲ್ಲಿ ಊಟದ ಹಾಲಿಗೆ ಬಂದರು. ಸರ್ವರ್ ಬಗ್ಗಿ ನಮಸ್ಕಾರ ಮಾಡಿ, ಇಲ್ಲಿ ತೆರೆದರೆ 15 ಡಾಲರ್ ಚಾರ್ಜ್ ಅಂದ. 1,275 ರೂಪಾಯಿ, ಮುಚ್ಚಳ ತೆಗೆಯಲಿಕ್ಕೆ! ವೈನೇ ಸಾವಿರ ಚಿಲ್ಲರೆಯದ್ದು. ಬಾಟಲಿಯನ್ನು ನ್ಯಾಪ್ಕಿನ್ನಿನಲ್ಲಿ ಸುತ್ತಿ ವಾಪಸ್ ತಂದೆವು. ರೂಮಿನಲ್ಲಿ ಕುಡಿದರೆ ಚಾರ್ಜ್ ಇಲ್ಲ. ಆದರೆ ಕಾರ್ಕ್ ತೆಗೆಯುವ ತಿರುಪು ಇಲ್ಲ. ಮಗ ಯಾರನ್ನೋ ಕೇಳಿ ತಂದ. ಕೊನೆಗೆ ಇವರು ಹಲ್ಲುಜ್ಜುವ ಗ್ಲಾಸಿನಲ್ಲಿ ವೈನ್ ಹಾಕಿಕೊಂಡು ಕಿಟಕಿಯ ಹತ್ತಿರ ಕೂತರು. ಹೇಗುಂಟು ಅಂತ ಕೇಳಿದೆ. ಬಾಯಮ್ಮನದ್ದರಷ್ಟು ಇಲ್ಲ ಅಂದರು. ತಿರುಪಿನ ಮುಚ್ಚಳದ ವೈನ್ ಕೊಳ್ಳಿ, ಇದೊಂದು ನೆನಪಿಡಿ.

ಇನ್ನು ಒಳ್ಳೆಯದನ್ನು ಹೇಳುತ್ತೇನೆ. ಆ ಭದ್ರತಾ ಕೋಣೆಯಲ್ಲಿ ಕಾಫಿ ಪುಡಿಯನ್ನು ಗಾರ್ಡ್ ಮೂಸಿ ನೋಡಿ ವಾಪಸ್ ಇಟ್ಟ. ಕಷಾಯದ ಪುಡಿ ಅಂಗಡಿಯ ಹಾಗೆ ಸೀಲ್ ಮಾಡಿದ ಪ್ಯಾಕೆಟ್ಟಿನಲ್ಲಿತ್ತು, ಅದೂ ಪಾಸು. ಪುನರ್ಪುಳಿಯ ಒಣ ಸಿಪ್ಪೆಯನ್ನು ಒಣಹಣ್ಣು ಅಂದುಕೊಂಡನೋ ಏನೋ, ನೋಡಿ ಬಿಟ್ಟ. ಫಿಲ್ಟರನ್ನು ಬಿಚ್ಚಿ, ಒಳಗಿನ ತೂತಿನ ತಟ್ಟೆಯನ್ನು ಕಣ್ಣಿಗೆ ಹಿಡಿದು ಆಚೆ ನೋಡಿದ. ಕರೆಂಟ್ ಇಲ್ಲ ತಾನೆ ಅಂತ ಕೇಳಿದ. ಇಲ್ಲಪ್ಪ ಅಂದೆ. ಖಾಲಿ ಫ್ಲಾಸ್ಕೂ ಬಂತು. ಒದ್ದೆ ಇದ್ದದ್ದು ಎಲ್ಲ ಅಲ್ಲೇ ಉಳಿಯಿತು, ಒಣ ಇದ್ದದ್ದು ಎಲ್ಲ ರೂಮಿಗೆ ಬಂತು.

ನೀರು ಹಡಗಿನಲ್ಲಿ ಧರ್ಮಕ್ಕೆ. ಸಮುದ್ರದ ನೀರನ್ನೇ ಉಪ್ಪು ತೆಗೆದು ಸಿಹಿ ಮಾಡುತ್ತಾರೆ, ನಳ್ಳಿಯದ್ದನ್ನೇ ಕುಡಿಯಬಹುದು. ನಮ್ಮ ಮಂಗಳೂರಿನ ತುಂಬೆ ಅಣೆಕಟ್ಟಿನ ನೀರಿನ ರುಚಿ ಇಲ್ಲ, ಸಪ್ಪೆ, ಆದರೆ ಬೇರೆ ದೋಷ ಇಲ್ಲ. ರೂಮಿನ ಮೇಜಿನ ಮೇಲೆ ಚಂದಕ್ಕೆ ಎರಡು ಬಾಟಲಿ ನೀರು ಇಟ್ಟಿರುತ್ತಾರೆ. ಅದನ್ನು ಮುಟ್ಟಬೇಡಿ, ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ ರೇಟು ಉಂಟು. ಬುಫೆಯಲ್ಲಿ ಬಿಸಿನೀರಿನ ನಳ್ಳಿ ಹಗಲು ರಾತ್ರಿ ಇರುತ್ತದೆ ಅಂತ ನಮಗೆ ಹೇಳಿಕೊಟ್ಟದ್ದು ಅಲ್ಲಿ ತಟ್ಟೆ ತೆಗೆಯುವ ಒಬ್ಬ ಹುಡುಗ. ನಾನು ಇವರಿಗೆ "ನೀರು ಕುದಿದಿದೆಯಾ ನೋಡಿ" ಅಂದದ್ದು ಕೇಳಿ ತಿರುಗಿದ. "ಎಂತ ಅಮ್ಮ, ಊರು ಎಲ್ಲಿ?" ಅವನದ್ದು ಕುಂದಾಪುರದ ಕಡೆ. ಏಳು ತಿಂಗಳಾಯಿತಂತೆ ಮನೆ ಬಿಟ್ಟು. ಎಡಗಡೆಯ ನಳ್ಳಿ ಬೇಡ, ಅದು ಬೆಚ್ಚಗೆ ಮಾತ್ರ, ಬಲಗಡೆಯದ್ದು ಸಮಾ ಕುದಿದಿರುತ್ತದೆ ಅಂದ. ಸಾವಿರಾರು ಜನರ ಹಡಗಿನಲ್ಲಿ ಇದನ್ನು ಹೇಳಲಿಕ್ಕೆ ಕುಂದಾಪುರದವನೇ ಬೇಕಾಯಿತು.

ಮರುದಿನ ಬೆಳಿಗ್ಗೆ ಐದೂವರೆಗೆ ಫ್ಲಾಸ್ಕ್ ತುಂಬಿ ತಂದೆ. ರೂಮಿನ ಮೇಜಿನ ಮೇಲೆ ಟವೆಲ್ ಮಡಚಿ ಹಾಕಿ ಅದರ ಮೇಲೆ ಫಿಲ್ಟರ್ ಕೂರಿಸಿದೆ. ಎರಡೂವರೆ ಚಮಚ ಪುಡಿ, ಮೇಲೆ ತಟ್ಟೆ, ಮೆಲ್ಲ ಸುತ್ತ ನೀರು. ಮನೆಯಲ್ಲಾದರೆ ಹಾಕಿ ಹೂ ಕೊಯ್ಯಲಿಕ್ಕೆ ಹೋಗುತ್ತೇನೆ. ಇಲ್ಲಿ ಹಡಗು ಸ್ವಲ್ಪ ವಾಲುತ್ತಿತ್ತು. ಫಿಲ್ಟರ್ ಜಾರಿದರೆ ಬಿಳಿ ಹಾಸಿಗೆಗೇ ಅಭಿಷೇಕ. ಇಪ್ಪತ್ತು ನಿಮಿಷ ಎರಡೂ ಕೈಯಲ್ಲಿ ಹಿಡಿದು ಕೂತೆ. ಸ್ಟೀಲು ಬಿಸಿಯಾಗುತ್ತಾ ಬಂತು, ಸೀರೆಯ ಸೆರಗು ಸುತ್ತಿ ಹಿಡಿದೆ. ಕೆಳಗಿನ ಪಾತ್ರೆಯಲ್ಲಿ ತೊಟ್ಟು ಬೀಳುವ ಸದ್ದು ಇಂಜಿನ್ನಿನ ಗುಂಯ್ ನಡುವೆ ಕೇಳುತ್ತಿರಲಿಲ್ಲ, ಕೈಗೆ ಗೊತ್ತಾಗುತ್ತಿತ್ತು. ಹಾಲು ಬುಫೆಯದ್ದು, ಪೊಟ್ಟಣದ ಹಾಲು, ಕೆನೆಯ ವಾಸನೆಯೂ ಇಲ್ಲ. ಆದರೂ ಡಿಕಾಕ್ಷನ್ ದಪ್ಪ ಬಂದಿತ್ತು. ವಾಸನೆಗೆ ಪಕ್ಕದ ರೂಮಿನಿಂದ ಮಗ ಎದ್ದು ಬಂದ. ಕೆಳಗಿನ ಕೆಫೆಯಲ್ಲಿ ಐದು ಡಾಲರ್ ಕೊಟ್ಟು ಕುಡಿದದ್ದು ಹುರಿದ ಪುಡಿಯ ಬಣ್ಣದ ನೀರು ಅಂತ ಅವನೇ ಹೇಳಿದ, ನಾನಲ್ಲ.

ಪುನರ್ಪುಳಿ ಸಿಪ್ಪೆಗೂ ಅದೇ ಫ್ಲಾಸ್ಕು. ರಾತ್ರಿ ಎಂಟು ಹತ್ತು ಸಿಪ್ಪೆಯನ್ನು ಬಿಸಿನೀರಿಗೆ ಹಾಕಿಟ್ಟರೆ ಬೆಳಿಗ್ಗೆ ಕೆಂಪು ಬಿಟ್ಟಿರುತ್ತದೆ. ಬುಫೆಯಿಂದ ಸಕ್ಕರೆ ಪೊಟ್ಟಣ, ಉಪ್ಪು, ಒಂದು ಬಟ್ಟಲು ಐಸು. ಇದಕ್ಕೆಲ್ಲ ದುಡ್ಡಿಲ್ಲ. ಮಧ್ಯಾಹ್ನ ಡೆಕ್ಕಿನ ಮೇಲೆ ನಾಲ್ಕು ಜನ ಕೆಂಪು ಶರಬತ್ತು ಹಿಡಿದು ಕೂತರೆ ಒಬ್ಬ ವೇಟರ್ ಬಂದು ಇದು ನಮ್ಮ ಯಾವ ಬಾರಿನದ್ದು ಅಂತ ಕೇಳಿದ. ರೂಮಿನಲ್ಲಿ ಮಾಡಿದ್ದು ಅಂದೆ. ಅವನು ಮೆನು ಕಾರ್ಡ್ ಇಟ್ಟು ಹೋದ. ಪಾಕದ ರುಚಿ ಸಿಪ್ಪೆಗೆ ಬರುವುದಿಲ್ಲ, ಸ್ವಲ್ಪ ಒಗರು ಉಳಿಯುತ್ತದೆ. ಬಿಸಿಲಿಗೆ ಅದೇ ಹಿತ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ನಿಯಮ ಸರಿಯಾಗಿ ತಿಳಿಸದ್ದಕ್ಕೆ ಒಂದು ಹೋಯಿತು. ಮುಚ್ಚಳದ 15 ಡಾಲರಿಗೆ ಅರ್ಧ. ಆ ಗಾರ್ಡ್ ಹುಡುಗರು ಒಮ್ಮೆಯೂ ದನಿ ಎತ್ತಲಿಲ್ಲ, ಅದಕ್ಕೆ ಇನ್ನು ಕಡಿಮೆ ಮಾಡುವುದಿಲ್ಲ.

ಕೊನೆಯ ಬೆಳಿಗ್ಗೆ ತೆಗೆದಿಟ್ಟ ಸಾಮಾನು ವಾಪಸ್ ತೆಗೆದುಕೊಳ್ಳಲು ಮತ್ತೆ ಅದೇ ಸಾಲು, ಅದೇ ಮುಖಗಳು. ಈಗ ಎಲ್ಲರೂ ಪರಿಚಯದವರ ಹಾಗೆ ನಕ್ಕರು. ಇಸ್ತ್ರಿ ಪೆಟ್ಟಿಗೆಯವರು ನನಗೆ ಜಾಗ ಬಿಟ್ಟುಕೊಟ್ಟರು. ಕೆಟಲ್ ಸಿಕ್ಕಿತು, ಬಿಂದು ಆರೂ ಸಿಕ್ಕಿತು. ಪುನರ್ಪುಳಿ ಪಾಕ ನಾಲ್ಕು ದಿನ ಸೆಕೆಯಲ್ಲಿ ಕೂತು ಉಬ್ಬಿ ಮುಚ್ಚಳದ ಸುತ್ತ ಒಸರಿತ್ತು. ಗಾರ್ಡ್ ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತೋಳು ಉದ್ದ ಮಾಡಿ, ದೂರದಿಂದಲೇ ಕೊಟ್ಟ. ಬಿಂದು ತಣ್ಣಗಿರಲಿಲ್ಲ. ಮಗ ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ನಿಂತು ಹಾಗೇ ಎರಡು ಬಾಟಲಿ ಮುಗಿಸಿದ.